ಡೇಟ್ ಬಾರ್ ಕಪಾಟು

ಕಿರಾಣಿ ಅಂಗಡಿಯವರ ಮನೆಗೆ ಸೊಸೆಯಾಗಿ ಹೋಗುತ್ತಿದ್ದೇನೆ ಎಂದಾಗ ನನ್ನ ಗೆಳತಿಯರೆಲ್ಲ ಹೊಟ್ಟೆ ಉರಿದುಕೊಂಡಿದ್ದರು. "ನಿನಗೇನಮ್ಮ, ಮನಸ್ಸಾದಾಗ ಕೆಳಗಿಳಿದು ಬೇಕಾದ್ದು ತಗೊಂಡು ತಿಂತೀಯ" ಅಂದರು. ನಾನೂ ಹಾಗೇ ಅಂದುಕೊಂಡು ಬೀಗಿದ್ದೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಕಿರಿದಾದ ಮೆಟ್ಟಿಲು. ಆ ಮೆಟ್ಟಿಲು ಹತ್ತಿ ಮೇಲೆ ಬರುವ ಭಾಗ್ಯ ಯಾವ ಪೊಟ್ಟಣಕ್ಕಿದೆ ಎನ್ನುವುದು ಮದುವೆಯಾದ ವಾರದಲ್ಲೇ ತಿಳಿಯಿತು. ಮೇಲೆ ಅಚ್ಚು ಹಾಕಿದ ತಾರೀಖು ದಾಟಿದ ಪೊಟ್ಟಣಕ್ಕೆ ಮಾತ್ರ.

ಅಂಗಡಿಯವರು ಇಂಥ ಮಾಲಿಗೆ ಡೇಟ್ ಬಾರ್ ಆದದ್ದು ಅನ್ನುತ್ತಾರೆ. ಗಿರಾಕಿಯ ಕೈಗೆ ಅಂಥದ್ದು ಹೋಗಕೂಡದು ಎನ್ನುವುದು ನಮ್ಮ ಮಾವನ ಹಠ. ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು ತಾರೀಖು ಓದುತ್ತಾರೆ. ಏಜೆಂಟರು ವಾಪಸ್ ತೆಗೆದುಕೊಳ್ಳುವುದನ್ನು ಪಕ್ಕಕ್ಕಿಡುತ್ತಾರೆ. ಉಳಿದದ್ದು ಬುಟ್ಟಿಗೆ, ಬುಟ್ಟಿ ಮಹಡಿಗೆ, ಮಹಡಿಯಲ್ಲಿ ಅಡುಗೆಮನೆಯ ಕಪಾಟಿಗೆ. ಬಿಸ್ಕತ್ತು, ಓಟ್ಸು, ಮ್ಯಾಕರೋನಿ, ಸೂಪಿನ ಪುಡಿ, ಜಾಮು, ಚಹಾಪುಡಿ ಎಲ್ಲ ಅಲ್ಲಿ ಸಾಲಾಗಿ ನಿಂತು ನಮ್ಮ ಹೊಟ್ಟೆ ಸೇರುವುದನ್ನು ಕಾಯುತ್ತವೆ. ಊರಿನವರು ಈ ಅಂಗಡಿಯನ್ನು ಕಣ್ಣುಮುಚ್ಚಿಕೊಂಡು ನಂಬುತ್ತಾರೆ. ಅವರ ನಂಬಿಕೆ ಉಳಿಯಲಿ ಎಂದು ನಾವು ಕಣ್ಣುಮುಚ್ಚಿಕೊಂಡು ತಿನ್ನುತ್ತೇವೆ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹೊಸತರಲ್ಲಿ ಒಂದು ಮಧ್ಯಾಹ್ನ ಆ ಕಪಾಟಿನ ತಾರೀಖುಗಳನ್ನು ಓದಿ ಹೌಹಾರಿದೆ. ನನ್ನನ್ನು ಕೊಲ್ಲಲಿಕ್ಕೇ ಈ ಮನೆಗೆ ತಂದಿದ್ದಾರೆ ಅನ್ನಿಸಿ, ಎಲ್ಲವನ್ನೂ ಕಸದ ಚೀಲಕ್ಕೆ ಸುರಿದೆ. ಸುರಿದು ಸುಸ್ತಾಗಿ ಫ್ರಿಜ್ಜು ತೆಗೆದರೆ ಒಂದು ಡಬ್ಬ ಕೆನೆ ಇತ್ತು. ಅದರ ತಾರೀಖೂ ದಾಟಿತ್ತು, ಆದರೆ ಮೂಸಿ ನೋಡಿದರೆ ಘಮಘಮ. ಹಣ್ಣು ಹೆಚ್ಚಿ, ಅದರ ಮೇಲೆ ಕೆನೆ ಸುರಿದುಕೊಂಡು ಇನ್ನೇನು ಬಾಯಿಗಿಡಬೇಕು, ಮಾವ ಬಂದವರೇ ಬಟ್ಟಲನ್ನು ಕಿತ್ತುಕೊಂಡರು.

"ತಾಯಿ, ತಿನ್ನೋದನ್ನ ಬಿಸಾಕಿ, ಬಿಸಾಕೋದನ್ನ ತಿಂತಾ ಇದ್ದೀಯಲ್ಲ. ಇದನ್ನ ಸಿಂಕಿಗೆ ಸುರಿಯೋಣ ಅಂತಲೇ ನಾನು ಮೇಲೆ ಬಂದೆ."

"ವಾಸನೆ ಚೆನ್ನಾಗೇ ಇದೆ ಮಾವ."

"ಕಾಯಿಲೆ ತರೋ ಕ್ರಿಮಿ ವಾಸನೆ ಕೊಟ್ಟು, ಹೇಳಿ ಕಳಿಸಿ ಬರಲ್ಲಮ್ಮ." ಅವರು ಡಬ್ಬವನ್ನು ತಿರುಗಿಸಿ ಅಚ್ಚು ತೋರಿಸಿದರು. "ಇಲ್ಲಿ ಯೂಸ್ ಬೈ ಅಂತಿದೆ. ಹಾಲು, ಕೆನೆ, ಹಸಿ ಮಾಂಸ, ಇಂಥವಕ್ಕೆ ಹಾಕೋದು. ಆ ದಿನ ದಾಟಿದ್ರೆ ಮುಗೀತು, ನಾಲಿಗೆಗೂ ತಾಗಿಸಬಾರದು. ಇಲ್ಲಿ ನೋಡು ಬಿಸ್ಕತ್ತು, ಇದರ ಮೇಲಿರೋದು ಬೆಸ್ಟ್ ಬಿಫೋರ್. ಈ ದಿನದ ತನಕ ಚೆನ್ನಾಗಿರುತ್ತೆ ಅಂತ ಮಾಡಿದವನು ಕೊಟ್ಟ ಮಾತು, ಅಷ್ಟೇ. ಆಮೇಲೆ ಗರಿಗರಿ ಹೋಗಬಹುದು, ಘಮ ಹೋಗಬಹುದು, ಜೀವ ಹೋಗಲ್ಲ. ಪೊಟ್ಟಣ ಮಾತ್ರ ಒಡೆದಿರಬಾರದು, ನೆಂದಿರಬಾರದು."

ಹೀಗೆ ಹೇಳಿ ಕೆನೆಯನ್ನು ಸಿಂಕಿಗೆ ಸುರಿದು, ಕಸದ ಚೀಲದಿಂದ ಒಂದೊಂದೇ ಪೊಟ್ಟಣ ತೆಗೆದು ಒರೆಸಿ ಕಪಾಟಿಗೆ ಜೋಡಿಸಿದರು. ನಾನು ಮುಖ ಊದಿಸಿಕೊಂಡು ಬರೀ ಹಣ್ಣು ತಿಂದೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಇಷ್ಟು ವರ್ಷದಲ್ಲಿ ಆ ಕಪಾಟು ತಿಂದು ನಮ್ಮಲ್ಲಿ ಯಾರಿಗೂ ಹೊಟ್ಟೆ ಕೆಟ್ಟಿದ್ದಿಲ್ಲ. ನಮ್ಮ ಮನೆಯಲ್ಲಿ ಬಿಸ್ಕತ್ತು ಮುರಿದರೆ ಸದ್ದಾಗುವುದಿಲ್ಲ, ಬಾಗುತ್ತದೆ. ಚಹಾ ಬಣ್ಣ ಬಿಡುತ್ತದೆ, ಘಮ ಬಿಡುವುದಿಲ್ಲ. ನನ್ನ ಗಂಡನಿಗಂತೂ ಬಿಸ್ಕತ್ತು ಎಂದರೆ ಬಾಗುವ ವಸ್ತು ಎಂದೇ ತಿಳುವಳಿಕೆ. ಮದುವೆಯಾದ ಮೇಲೆ ನನ್ನ ತವರಿನಲ್ಲಿ ಒಂದು ಬಿಸ್ಕತ್ತು ಕಟುಂ ಎಂದಾಗ, "ಇದ್ಯಾಕೋ ಸರಿ ಇಲ್ಲ" ಎಂದು ಮೆಲ್ಲಗೆ ತಟ್ಟೆಯಲ್ಲಿಟ್ಟಿದ್ದರು.

ಇದೆಲ್ಲ ತಮಾಷೆಯಾಗಿಯೇ ನಡೆದುಕೊಂಡು ಹೋಗುತ್ತಿತ್ತು, ನನ್ನ ನಾದಿನಿ ಪ್ರೀತಿಸುವವರೆಗೆ.

ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಅನ್ನುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಒಂದು ದಿನ ಆ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ಕೈಕೊಟ್ಟು ಇವಳು ಒಳಗೆ ಸಿಕ್ಕಿಹಾಕಿಕೊಂಡಳು. ರಿಪೇರಿಗೆ ಬಂದ ಹುಡುಗ, ಹೆದರಿಕೊಂಡಾಳು ಎಂದು ಬಾಗಿಲ ಸಂದಿಯಿಂದ ಮಾತಾಡಿಸುತ್ತಲೇ ಇದ್ದನಂತೆ. ಲಿಫ್ಟು ಸರಿಯಾಗುವ ಹೊತ್ತಿಗೆ ಇವಳು ಸರಿಯಿರಲಿಲ್ಲ. ಹುಡುಗ ಒಳ್ಳೆಯವನು, ಮಾತು ಕಡಿಮೆ, ಹಸಿವು ಜಾಸ್ತಿ. ತಂದೆ ಇಲ್ಲ, ತಾಯಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ನಮ್ಮ ಕಡೆಯಿಂದ ಯಾರದೂ ಅಡ್ಡಿಯಿಲ್ಲ. ಆದರೂ ಗುಬ್ಬಿ ಹುಡುಗನ ತಾಯಿಯನ್ನು ಮನೆಗೆ ಕರೆಯುವ ಮಾತೆತ್ತಿದರೆ ಸಾಕು, ಇವತ್ತು ನಾಳೆ ಎಂದು ಜಾರಿಕೊಳ್ಳುತ್ತಿದ್ದಳು. ಕೊನೆಗೆ ನಾನೇ ಹಿಡಿದು ಕೇಳಿದೆ.

"ಅತ್ತಿಗೆ, ಅವರಮ್ಮ ತಾರೀಖು ಓದ್ದೆ ನೀರು ಕೂಡ ಕುಡಿಯಲ್ಲ" ಎಂದಳು ಗುಬ್ಬಿ. "ಔಷಧಿ ಬಾಟಲಿ ಓದಿ ಓದಿ ಅಭ್ಯಾಸ. ಮನೇಲಿ ಒಂದು ದಿನ ದಾಟಿದ್ದು ಯಾವುದಿದ್ರೂ ಎತ್ತಿ ಕಸಕ್ಕೆ. ನಮ್ಮ ಕಪಾಟು ನೋಡಿದ್ರೆ ಈ ಮನೆ ಹುಡುಗೀನ ತರ್ತಾರಾ? ಈ ಸಂಬಂಧ ತಪ್ಪಿದ್ರೆ ನನಗೆ ಇನ್ನೊಂದು ಬೇಡ. ಹೇಳಿಬಿಟ್ಟಿದ್ದೀನಿ."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ನನಗೆ ಪಾಪ ಅನ್ನಿಸಿತು, ಜೊತೆಗೆ ಹುಮ್ಮಸ್ಸೂ ಬಂತು. ಕಪಾಟಿನ ಮೇಲೆ ಸೇಡು ತೀರಿಸಿಕೊಳ್ಳಲು ಇಷ್ಟು ವರ್ಷ ಕಾದವಳು ನಾನು. "ನೀನು ಕರೆಸು. ಮಿಕ್ಕಿದ್ದು ನನಗೆ ಬಿಡು" ಎಂದೆ.

ಭಾನುವಾರ ಸಂಜೆ ಬರುವುದೆಂದಾಯಿತು. ಅತ್ತೆಯೂ ನಾನೂ ಒಳಗೊಳಗೇ ಮಾತಾಡಿಕೊಂಡು, ಮಾವನಿಗೆ ತಿಳಿಯದಂತೆ ಬೆಳಿಗ್ಗೆಯೇ ಅಂಗಡಿಗೆ ಇಳಿದೆವು. ಹೊಸದಾಗಿ ಬಂದ ಪೆಟ್ಟಿಗೆ ಒಡೆದು ತರಹೇವಾರಿ ಬಿಸ್ಕತ್ತು, ಕೇಕು, ಒಳ್ಳೆಯ ಚಹಾಪುಡಿ ತಂದೆವು. ಎಲ್ಲದರ ತಾರೀಖು ಇನ್ನೂ ಎಷ್ಟೋ ದೂರ. ಹಳೆಯದನ್ನೆಲ್ಲ ಕಪಾಟಿನ ಮೇಲಿನ ಖಾನೆಗೆ ಒತ್ತರಿಸಿ, ಹೊಸದನ್ನು ಕೈಗೆ ಸಿಗುವ ಕೆಳಖಾನೆಯಲ್ಲಿ ಜೋಡಿಸಿದೆವು. ಅತ್ತೆ ಅದನ್ನು ದೂರದಿಂದ ನೋಡಿ, "ಬೇರೆ ಯಾರದೋ ಮನೆ ಕಪಾಟಿನ ಹಾಗೆ ಕಾಣುತ್ತೆ" ಎಂದರು. ಆಮೇಲೆ ನಾವಿಬ್ಬರೂ ತಲೆಸ್ನಾನಕ್ಕೆ, ಸೀರೆಗೆ, ಗುಬ್ಬಿಯ ಜಡೆಗೆ ಎಂದು ಒಳಕೋಣೆ ಸೇರಿದೆವು.

ಇಲ್ಲೇ ಎಡವಟ್ಟಾಯಿತು. ಇಂಥ ಎಡವಟ್ಟು ಜಗತ್ತಿನಲ್ಲಿ ನಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಆಗಲಾರದು. ಮಾವ ನೀರು ಕುಡಿಯಲು ಅಡುಗೆಮನೆಗೆ ಬಂದಿದ್ದಾರೆ. ಕಣ್ಣು ರೂಢಿಯಂತೆ ಕಪಾಟಿನ ಕಡೆ ಹೋಗಿದೆ. ತಾರೀಖು ದಾಟದ ಮಾಲು ಮಹಡಿಯ ಮೇಲಿದೆ ಎಂದರೆ ಅವರ ಲೆಕ್ಕದಲ್ಲಿ ಒಂದೇ ಅರ್ಥ: ತಾವು ಬುಟ್ಟಿಗೆ ಹಾಕುವಾಗ ತಪ್ಪು ಓದಿದ್ದೇವೆ. ಛೆ, ಕಣ್ಣು ಮಂಜಾಗುತ್ತಿದೆ ಎಂದು ತಮ್ಮನ್ನೇ ಬೈದುಕೊಂಡು, ಎಲ್ಲವನ್ನೂ ಬುಟ್ಟಿಗೆ ತುಂಬಿ ಕೆಳಗೆ ಒಯ್ದು ಇದ್ದಲ್ಲಿ ಇಟ್ಟಿದ್ದಾರೆ. ಕೆಳಖಾನೆ ಖಾಲಿ ಉಳಿಯಬಾರದೆಂದು ಮೇಲಿನದನ್ನು ಇಳಿಸಿ ನೀಟಾಗಿ ಜೋಡಿಸಿಯೂ ಇದ್ದಾರೆ.

ಬಾಗಿಲ ಕರೆಗಂಟೆ ಸದ್ದಾಯಿತು. ಹುಡುಗ ಒಗೆದ ಅಂಗಿ ಹಾಕಿ, ಕೂದಲಿಗೆ ನೀರು ಹಚ್ಚಿ ಬಂದಿದ್ದ. ಹಿಂದೆ ನರ್ಸಮ್ಮ. ಸಣಕಲು ಮೈ, ನೆಟ್ಟಗಿನ ಬೆನ್ನು, ಹೆಗಲಲ್ಲಿ ಚೀಲ. ಮೊದಲ ನೋಟಕ್ಕೆ ಹೆದರಿಕೆಯಾದರೂ ಮಾತು ಮೆತ್ತಗಿತ್ತು. ಗುಬ್ಬಿಯ ಗಲ್ಲ ಹಿಡಿದು, "ಇವನು ಲಿಫ್ಟಿನ ಸಂದೀಲಿ ನೋಡಿದ್ದು ಇಷ್ಟು ಮುಖಾನೇನಾ" ಎಂದು ನಗಿಸಿದರು. ಅತ್ತೆಯ ಬಿಗಿದ ಮುಖ ಸಡಿಲಾಯಿತು. ನಾನು ಅಡುಗೆಮನೆಗೆ ಓಡಿ, ಗಡಿಬಿಡಿಯಲ್ಲಿ ಕೆಳಖಾನೆಗೆ ಕೈಹಾಕಿ, ಸಿಕ್ಕಿದ ಪೊಟ್ಟಣ ಹರಿದು ತಟ್ಟೆಗೆ ಜೋಡಿಸಿ, ಚಹಾ ಸೋಸಿ ತಂದಿಟ್ಟೆ. ಒಂದು ಬಿಸ್ಕತ್ತೂ ಮುರಿಯದೆ ಬಂದಿತಲ್ಲ ಎಂದು ಆಗಲೇ ಅನುಮಾನ ಬರಬೇಕಿತ್ತು. ನನ್ನ ತಲೆಯಲ್ಲಿ ಆ ಹೊತ್ತಿಗೆ ಜಡೆ, ಸೀರೆ, ಸಕ್ಕರೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಕೈ ತೊಳ್ಕೊಂಡು ಬರ್ತೀನಿ" ಎಂದು ನರ್ಸಮ್ಮ ಅಡುಗೆಮನೆಗೆ ಹೋದರು. ನಲ್ಲಿ ತಿರುಗಿದ ಸದ್ದು ಬಂತು, ನಿಂತಿತು. ಅವರು ಬರಲಿಲ್ಲ. ಗುಬ್ಬಿ ನನ್ನ ಮುಖ ನೋಡಿದಳು. ನಾನು ಧೈರ್ಯವಾಗಿ ಕಣ್ಣು ಮಿಟುಕಿಸಿದೆ.

ನರ್ಸಮ್ಮ ಬಂದಾಗ ಅವರ ಕೈಯಲ್ಲಿ ಬಿಸ್ಕತ್ತಿನ ಖಾಲಿ ಪೊಟ್ಟಣ ಇತ್ತು. ಅದನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಅಚ್ಚು ತೋರಿಸಿದರು. ಬೈಯಲಿಲ್ಲ, ದನಿ ಏರಿಸಲಿಲ್ಲ.

"ಇದರ ಡೇಟ್ ಮುಗಿದಿದೆ. ಇದೊಂದೇ ಆಗಿದ್ರೆ ಕಣ್ತಪ್ಪು ಅಂತಿದ್ದೆ. ಅಲ್ಲಿ ಕಪಾಟಲ್ಲಿರೋದೆಲ್ಲ ಓದಿದೆ. ಒಂದಾದ್ರೂ ಡೇಟ್ ಒಳಗಿರೋದು ಇಲ್ಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಕ್ಕಾಬಿಕ್ಕಿಯಾದವರು ಮಾವ. ಪೊಟ್ಟಣ ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ ಓದಿ, "ಇದನ್ನ ಯಾಕಮ್ಮ ಬೀಗರಿಗೆ ಕೊಟ್ಟೆ? ಇದು ನಮ್ಮದಲ್ವಾ" ಎಂದು ನನ್ನನ್ನು ಕೇಳಿದರು.

"ಬೆಳಿಗ್ಗೆ ಹೊಸದು ತಂದು ಇಟ್ಟಿದ್ವಲ್ಲ ಮಾವ, ಎಲ್ಲಿ ಹೋಯ್ತು?"

ಎಲ್ಲಿ ಹೋಯಿತು ಎನ್ನುವುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅಂಗಡಿ ಶುರು ಮಾಡಿದಾಗಿನಿಂದ ಒಬ್ಬ ಗಿರಾಕಿಗೂ ತಾರೀಖು ದಾಟಿದ್ದು ಕೊಡದವರು, ಮಗಳ ಬೀಗರಿಗೇ ಕೊಟ್ಟುಬಿಟ್ಟಿದ್ದರು. ಅವರು ಎದ್ದು ನಿಂತು ಕೈಮುಗಿದರು.

"ತಪ್ಪಾಯ್ತಮ್ಮ. ನಿಮಗೆ ಕೊಡಬಾರದಿತ್ತು. ಆದ್ರೆ ಹೆದರೋ ಅಂಥದ್ದೇನಲ್ಲ ಇದು." ಎಂದು ಬೆಸ್ಟ್ ಬಿಫೋರ್, ಯೂಸ್ ಬೈ ಎರಡನ್ನೂ, ನನಗೆ ಹೇಳಿದ್ದ ಹಾಗೆಯೇ ಬಿಡಿಸಿ ಹೇಳಿದರು. ಹಾಲು, ಕೆನೆ ದಿನ ದಾಟಿದ ಕೂಡಲೇ ಸಿಂಕಿಗೆ ಸುರಿಯುತ್ತೇನೆ ಎಂದರು. ಆ ಕಪಾಟು ತಿಂದೇ ಮಕ್ಕಳು ಬೆಳೆದದ್ದು, ಒಬ್ಬರಿಗೂ ಏನೂ ಆಗಿಲ್ಲ ಎಂದರು.

ನರ್ಸಮ್ಮ ಪೂರ್ತಿ ಕೇಳಿಸಿಕೊಂಡರು. ಆದರೆ ಕೂರಲಿಲ್ಲ. ಚೀಲ ಹೆಗಲಿನಲ್ಲೇ ಇತ್ತು.

"ನೀವು ಹೇಳೋದು ಇರಬಹುದು ಯಜಮಾನ್ರೇ. ಆದ್ರೆ ನಾಳೆ ನನ್ನ ಮಗ ಈ ಮನೆಗೆ ಅಳಿಯ ಅಂತ ಬರಬೇಕು. ನಾಳಿದ್ದು ಮೊಮ್ಮಕ್ಕಳು ಬರ್ತಾರೆ. ಅಜ್ಜನ ಮನೇಲಿ ಏನು ತಿಂದ್ರೋ ಅಂತ ನಾನು ಡ್ಯೂಟೀಲಿ ಕೂತು ಯೋಚನೆ ಮಾಡ್ಕೊಂಡಿರೋಕಾಗಲ್ಲ. ನಾನು ಒಂದು ದಿನ ದಾಟಿದ್ದೂ ಇವನಿಗೆ ಕೊಟ್ಟು ಬೆಳೆಸಿಲ್ಲ."

ಅಷ್ಟರಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಹುಡುಗ. ಈ ಮಾತುಕತೆ ನಡೆಯುತ್ತಿದ್ದಷ್ಟು ಹೊತ್ತೂ ಅವನು ತನ್ನ ಪಾಡಿಗೆ ತಿನ್ನುತ್ತಿದ್ದ. ತಟ್ಟೆ ಅರ್ಧ ಖಾಲಿಯಾಗಿತ್ತು.

"ಅಮ್ಮ" ಎಂದ, ಬಾಯಿ ಒರೆಸಿಕೊಳ್ಳುತ್ತ. "ನೀನು ಬಿಸಾಕಿದ್ದನ್ನೆಲ್ಲ ನಾನು ಎತ್ಕೊಂಡು ಟೂಲ್ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತೀನಿ. ಕೆಲಸದ ಮಧ್ಯೆ ಹಸಿವಾಗುತ್ತಲ್ಲ."

"ಏನಂದೆ?"

"ಬಿಸಾಕೋಕೆ ಮನಸ್ಸು ಬರಲ್ಲಮ್ಮ. ಪೊಟ್ಟಣ ಕೂಡ ಒಡೆದಿರಲ್ಲ."

ಮಾವನಿಗೆ ಬೇರೆಯದೇ ಆತಂಕ. "ಹಾಲಿನದ್ದೂ ಎತ್ಕೊಂಡು ತಿಂದ್ಯೇನಪ್ಪ?" ಎಂದು ಮುಂದಕ್ಕೆ ಬಾಗಿದರು.

"ಒಂದ್ಸಲ ಕೆನೆ ಕೇಕು ತಿಂದಿದ್ದೆ." ಹುಡುಗ ತಲೆ ತಗ್ಗಿಸಿದ. "ಆಮೇಲೆ ಎರಡು ದಿನ ಎದ್ದೇಳೋಕಾಗಲಿಲ್ಲ."

"ಹೋಟೆಲ್ ಊಟ ಅಂದಿದ್ದೆ ನೀನು" ಎಂದರು ನರ್ಸಮ್ಮ.

"ನಿನಗೆ ಹೇಳೋಕೆ ಭಯ ಆಯ್ತಮ್ಮ."

ನನ್ನ ಗಂಡ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡರು. ನನಗೂ ತುಟಿ ಅದುರುತ್ತಿತ್ತು. ಆದರೆ ಗುಬ್ಬಿ ನಗುತ್ತಿರಲಿಲ್ಲ. ಕೈಯ ಬೆರಳುಗಳನ್ನು ಹಿಸುಕಿಕೊಳ್ಳುತ್ತ ನರ್ಸಮ್ಮನ ಹೆಗಲಿನ ಚೀಲವನ್ನೇ ನೋಡುತ್ತಿದ್ದಳು. ಆ ಚೀಲ ಕೆಳಗಿಳಿಯುತ್ತದೋ ಬಾಗಿಲು ದಾಟುತ್ತದೋ ಎನ್ನುವುದರ ಮೇಲೆ ಅವಳ ಜೀವವೆಲ್ಲ ನಿಂತಿತ್ತು.

ನರ್ಸಮ್ಮ ಮಗನನ್ನು ಒಂದು ನಿಮಿಷ ದುರುಗುಟ್ಟಿ ನೋಡಿ, ಪೊಟ್ಟಣವನ್ನು ಮತ್ತೆ ಎತ್ತಿಕೊಂಡು ಬೆಳಕಿಗೆ ಹಿಡಿದು ಓದಿದರು. "ಬೆಸ್ಟ್ ಬಿಫೋರ್ ಅಂತಲೇ ಇದೆ. ಅದು ನಿಜ" ಎಂದರು ಮೆಲ್ಲಗೆ. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದರು. ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡು ಕಚ್ಚಿದರು. ಔಷಧಿ ರುಚಿ ನೋಡುವ ಹಾಗೆ ನಿಧಾನಕ್ಕೆ ಅಗಿದರು. ನಾವೆಲ್ಲ ಅವರ ದವಡೆ ನೋಡುತ್ತ ಕೂತೆವು.

"ಇದರಿಂದ ಏನೂ ಆಗಲ್ಲ, ಒಪ್ಕೊಂಡೆ" ಎಂದರು. "ಆದ್ರೆ ಚೆನ್ನಾಗಿಲ್ಲ."

ಮಾವನ ಹತ್ತಿರ ಎಲ್ಲ ಪ್ರಶ್ನೆಗೂ ಉತ್ತರ ಇತ್ತು. ಪೊಟ್ಟಣ ಒಡೆದಿರಬಾರದು, ನೆಂದಿರಬಾರದು, ಹಾಲಿನದ್ದಾದರೆ ಮುಟ್ಟಬಾರದು. ಈ ಒಂದು ಮಾತಿಗೆ ಉತ್ತರ ಇರಲಿಲ್ಲ, ಯಾಕೆಂದರೆ ಅದನ್ನು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಅತ್ತೆ ಹೇಳಿರಲಿಲ್ಲ. ನನ್ನ ಗಂಡನಿಗೆ ಗೊತ್ತೇ ಇರಲಿಲ್ಲ. ಮಾತಿಗೆ ಮಾತು ಜೋಡಿಸುವ ನಾನೂ ಬರೀ ಗೊಣಗಿದ್ದೆನೇ ಹೊರತು ಹೀಗೆ ಎದುರಿಗೆ ಹೇಳಿದ್ದಿಲ್ಲ.

ಅವರು ಮಗಳ ಕಡೆ ತಿರುಗಿದರು.

"ಚೆನ್ನಾಗಿರ್ತಿರಲಿಲ್ವಾ, ಗುಬ್ಬಿ?"

ಗುಬ್ಬಿ ಸುಳ್ಳು ಹೇಳಬಹುದಿತ್ತು. ಅವಳ ಮದುವೆಗೆ ಆ ಹೊತ್ತಿನಲ್ಲಿ ಸುಳ್ಳೇ ವಾಸಿ ಎಂದು ನನಗೆ ಅನ್ನಿಸಿತು, ಕಣ್ಣಿನಲ್ಲೇ ಬೇಡ ಎಂದು ಸನ್ನೆಯನ್ನೂ ಮಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ಇಲ್ಲಪ್ಪ" ಎಂದಳು. "ಶಾಲೇಲಿ ಎಲ್ಲರೂ ಡಬ್ಬ ತೆಗೆದಾಗ ನಾನು ನನ್ನದನ್ನ ಮುಚ್ಕೊಂಡು ತಿಂತಿದ್ದೆ. ಆದ್ರೆ ಹೊಟ್ಟೆ ತುಂಬ್ತಿತ್ತು. ಒಂದು ದಿನಾನೂ ನೀನು ನನ್ನನ್ನ ಹಸಿದು ಕಳಿಸಿದ್ದಿಲ್ಲ." ಅಷ್ಟು ಹೇಳಿ ನರ್ಸಮ್ಮನ ಕಡೆ ತಿರುಗಿದಳು. "ಅಮ್ಮ, ನಿಮಗೆ ಈ ಮನೆ ಬೇಡ ಅನ್ನಿಸಿದ್ರೆ ನಾನು ಏನೂ ಅನ್ನಲ್ಲ. ನಮ್ಮಪ್ಪ ಸರಿ ಇಲ್ಲ ಅಂತ ಮಾತ್ರ ಅಂದ್ಕೊಂಡು ಹೋಗಬೇಡಿ."

ಅತ್ತೆ ಬಿಕ್ಕಿದರು. ಮೂಗಿನ ತುದಿಯಲ್ಲಿ ಕೋಪ ಇರುವವರಿಗೆ ಅಳುವೂ ಅಲ್ಲೇ ಇರುತ್ತದೆ, ಮೂಗು ಒರೆಸಿಕೊಂಡೆ.

ಮಾವ ಒಂದಷ್ಟು ಹೊತ್ತು ಖಾಲಿ ಪೊಟ್ಟಣವನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಸಣ್ಣ ಅಚ್ಚನ್ನು ಓದುವವರಂತೆ ಕಾಣುತ್ತಿದ್ದರು, ಆದರೆ ಕನ್ನಡಕ ಹಣೆಯಿಂದ ಇಳಿದು ಕಣ್ಣ ಮುಂದೆ ಇತ್ತು. ಕನ್ನಡಕ ಹಾಕಿಕೊಂಡರೆ ಅವರಿಗೆ ಹತ್ತಿರದ್ದು ಕಾಣುವುದಿಲ್ಲ. ಕೊನೆಗೆ ಪೊಟ್ಟಣವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ನರ್ಸಮ್ಮನ ಎದುರು ಬಂದರು. ಇಷ್ಟು ಹೊತ್ತು ಒಪ್ಪಿಕೊಳ್ಳಿ ಎಂದು ಕೇಳುತ್ತಿದ್ದ ಮನುಷ್ಯ ಈಗ ಬೇರೆ ದನಿಯಲ್ಲಿ ಮಾತಾಡಿದರು.

"ನಿಮ್ಮ ಮನೇಲಿ ಇವಳು ಡೇಟ್ ಮುಗಿಯೋಕೆ ಮುಂಚೆ ತಿಂತಾಳಲ್ವಾ ಅಮ್ಮ?"

"ನಮ್ಮ ಮನೇಲಿ ಅದು ಬಿಟ್ಟು ಬೇರೆ ಇಲ್ಲವಲ್ಲ" ಎಂದರು ನರ್ಸಮ್ಮ.

"ಹಾಗಾದ್ರೆ ಕರ್ಕೊಂಡು ಹೋಗಿ."

ಹುಡುಗ ಅಗಿಯುವುದನ್ನು ನಿಲ್ಲಿಸಿದ. ನರ್ಸಮ್ಮ ಮಾವನನ್ನು ನೋಡಿದರು, ಗುಬ್ಬಿಯನ್ನು ನೋಡಿದರು, ಆಮೇಲೆ ಹೆಗಲಿನ ಚೀಲವನ್ನು ಇಳಿಸಿ ಕುರ್ಚಿಯ ಬೆನ್ನಿಗೆ ನೇತುಹಾಕಿ ಕೂತರು. ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ, "ನೀವೂ ಕೂತ್ಕೊಳ್ಳಿ ಬೀಗರೇ, ನಿಂತ್ಕೊಂಡೇ ಮದುವೆ ಮಾತಾಡ್ತೀರಾ" ಎಂದರು.